ತೂಕ ಹಂಚುವ ಕೊಂಡಿ

ಗೋಧಿಯ ಬಿತ್ತನೆ ಮುಗಿದ ವಾರ ವರ್ಲಾ ಶ್ರಾಗ್ ಗಾಡಿಗೆ ಕಟ್ಟಿ ಎಳೆಯುವ ತನ್ನ ಟ್ರೈಲರ್ ಮನೆಯನ್ನು ಪಕ್ಕದ ಹೊಲದವರ ಟ್ರ್ಯಾಕ್ಟರಿನಿಂದ ಹೊರಗೆಳೆಸಿ ಅಂಗಳದಲ್ಲಿ ನಿಲ್ಲಿಸಿದಳು. ಗಂಡ ಎಲ್ಡನ್ ತೀರಿಕೊಂಡು ಒಂದು ಸುಗ್ಗಿ ಕಳೆದಿತ್ತು. ಹತ್ತಲು ಏಣಿ ಬೇಕೆನಿಸುವಂಥ ಅವನ ಎತ್ತರದ ಟ್ರಕ್ಕನ್ನು ಅವಳು ತಮ್ಮ ಕ್ರೈಸ್ತ ಸಭೆಯ ಕೆಲಸಕ್ಕೆ ಬಿಟ್ಟುಕೊಟ್ಟಿದ್ದಳು. ಉಳಿದದ್ದು ಪೇಟೆಗೆ ಹೋಗಿಬರುವ ತನ್ನ ಪಿಕಪ್ಪು ಒಂದೇ. ಅದರ ಹಿಂದಕ್ಕೆ ಎಲ್ಡನ್ ಬಳಸುತ್ತಿದ್ದ ಕೊಂಡಿಯನ್ನೇ ಸಿಕ್ಕಿಸಿ, ಟ್ರೈಲರಿನ ಮುಂದೆ ಚಾಚಿದ ಮೂಕಿಯನ್ನು ಜಾಕಿಯಿಂದ ಮೆಲ್ಲಗೆ ಕೊಂಡಿಯ ಗುಂಡಿನ ಮೇಲೆ ಇಳಿಸಿದಳು.

ಪಿಕಪ್ಪಿನ ಹಿಂಭಾಗ ಕುಸಿಯಿತು. ಮೂತಿ ಮೇಲೆದ್ದಿತು. ಕೊಂಡಿಯ ಎರಡೂ ಬದಿಗೆ ಇರುವ ಕಬ್ಬಿಣದ ಸರಳುಗಳನ್ನು ಸರಪಳಿಯಿಂದ ಮೇಲಕ್ಕೆ ಬಿಗಿದರೆ ಆ ಕುಸಿತ ಸರಿಹೋಗಬೇಕು. ಎಷ್ಟು ಬಿಗಿಯಬೇಕೆಂದು ಎಲ್ಡನ್ ಸರಪಳಿಯ ಒಂದು ಬಳೆಗೆ ಹಳದಿ ಬಣ್ಣ ಬಳಿದಿಟ್ಟಿದ್ದ. ವರ್ಲಾ ಆ ಹಳದಿ ಬಳೆಗೇ ಸಿಕ್ಕಿಸಿದಳು. ಕುಸಿತ ಹೋಗಲಿಲ್ಲ. ಅದಕ್ಕಿಂತ ಬಿಗಿಯಾಗುವ ಬಳೆಗೆ, ಅದರಾಚೆಯದಕ್ಕೆ, ಕೊನೆಗೆ ಸರಳಿಗೆ ಅಂಟಿಕೊಂಡ ಬಳೆಗೂ ಸಿಕ್ಕಿಸಿ ನೋಡಿದಳು. ನಡು ಮುರಿದ ಎತ್ತಿನಂತೆ ಗಾಡಿ ಮತ್ತು ಟ್ರೈಲರು ಮಧ್ಯದಲ್ಲಿ ಬಗ್ಗಿಯೇ ನಿಂತವು.

ಕ್ಯಾನ್ಸಸ್ಸಿನ ಆ ಬಯಲಿನ, ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಸಭೆಯಿಂದ ಪ್ರತಿ ವರ್ಷ ಬಿತ್ತನೆಯಾದ ಮೇಲೆ ಐದಾರು ಕುಟುಂಬಗಳು ಟ್ರೈಲರ್ ಮನೆಗಳನ್ನು ಕಟ್ಟಿಕೊಂಡು ದಕ್ಷಿಣದ ಕರಾವಳಿಗೆ ಹೋಗುತ್ತಿದ್ದವು. ಚಂಡಮಾರುತಕ್ಕೆ ಮನೆ ಕಳೆದುಕೊಂಡವರಿಗೆ ಮನೆ ಎಬ್ಬಿಸಿ ಕೊಡುವುದು ಅವರ ಸೇವೆ. ಎಲ್ಡನ್ ಮತ್ತು ವರ್ಲಾ ಅದರಲ್ಲಿ ತಮ್ಮದೇ ಒಂದು ವಾಡಿಕೆ ಇಟ್ಟುಕೊಂಡಿದ್ದರು. ಯಾರ ಮನೆಯ ಕೆಲಸ ನಡೆದಿದೆಯೋ ಆ ಮನೆಯವರು ಸಂಜೆ ಇವರ ಟ್ರೈಲರಿನ ಮೇಜಿಗೆ ಊಟಕ್ಕೆ ಬರಬೇಕು. ಗೋಡೆ ಏಳುವುದು ನಿಧಾನವಾದರೂ ಆದೀತು, ಮನೆ ಹೋದವರಿಗೆ ಇವತ್ತೇ ಬೇಕಾದದ್ದು ಕೂತು ಉಣ್ಣಲು ಒಂದು ಮೇಜು ಎನ್ನುತ್ತಿದ್ದ ಎಲ್ಡನ್. ಈ ವರ್ಷವೂ ಆ ಮೇಜನ್ನು ಹಾಕಬೇಕೆಂಬುದೊಂದೇ ವರ್ಲಾಳ ಮನಸ್ಸಿನಲ್ಲಿ ಇದ್ದದ್ದು. ಬೇರೆ ಯಾವುದನ್ನೂ ಅವಳು ದೇವರಲ್ಲಿ ಕೇಳಿಕೊಂಡಿರಲಿಲ್ಲ.

ಆದರೆ ಹೊರಡಬೇಕಾದರೆ ಸಭೆಯ ಒಂದು ಕಟ್ಟಳೆಯಿತ್ತು. ಹಿಂದೊಮ್ಮೆ ಒಬ್ಬರ ಟ್ರೈಲರು ದಾರಿಯಲ್ಲಿ ಬಾಲ ಆಡಿಸತೊಡಗಿ, ಕಡೆಗೆ ಗಾಡಿಯನ್ನೂ ಎಳೆದುಕೊಂಡು ಮಗುಚಿತ್ತು. ಹಿಂದೆ ಬರುತ್ತಿದ್ದವರು ಅದು ಆಡುವುದನ್ನು ಕಂಡೂ ಸಂಕೋಚದಿಂದ ಹೇಳಿರಲಿಲ್ಲ. ಅಂದಿನಿಂದ, ಹೊರಡುವ ಮುಂಚಿನ ಭಾನುವಾರ ಸಭಾಪಾಲಕರು ಒಬ್ಬೊಬ್ಬರ ಹೆಸರು ಹಿಡಿದು, "ಇವರ ಹಿಂದೆ ಯಾರು ಹೋಗುತ್ತೀರಿ?" ಎಂದು ಕೇಳುತ್ತಾರೆ. ಆ ಗಾಡಿಯನ್ನು ಕಣ್ಣಾರೆ ನೋಡಿದ ಯಾರಾದರೂ ಎದ್ದು ನಿಂತು "ನಾನು ಹೋಗುತ್ತೇನೆ" ಅನ್ನಬೇಕು. ಯಾರೂ ಏಳದಿದ್ದರೆ ಆ ಟ್ರೈಲರು ಊರಲ್ಲೇ ಉಳಿಯುತ್ತದೆ. ಸಾಲಿನ ಕೊನೆಯಲ್ಲಿ ಹೋಗುವವನ ಬಗ್ಗೆ ಮಾತ್ರ ಕೇಳುತ್ತಿರಲಿಲ್ಲ. ಆ ಜಾಗ ಎಲ್ಲರೂ ನಂಬಿದವನಿಗೆ ಮೀಸಲು. ಇಷ್ಟು ವರ್ಷ ಅದು ಎಲ್ಡನ್‌ನದಾಗಿತ್ತು.

ವರ್ಲಾ ಇನ್ನೂ ಸರಪಳಿ ಹಿಡಿದೇ ನಿಂತಿದ್ದಾಗ ಮೈದುನ ಡೆಲ್ಮರ್ ಬಂದ. ಎಲ್ಡನ್‌ಗಿಂತ ಎರಡು ವರ್ಷಕ್ಕೆ ಚಿಕ್ಕವನು. ಪ್ರತಿ ವರ್ಷ ಹೆಂಡತಿ ಟ್ವೈಲಾಳೊಡನೆ ಸಾಲಿನ ಮುಂದೆ ಹೋಗುವವನು ಇವನೇ. ಹಿಂದಿನಿಂದ ನೋಡಿದರೆ ಅಣ್ಣನ ಹಾಗೆಯೇ ಕಾಣುತ್ತಿದ್ದ. ಹಾಗಾಗಿ ಈಚೆಗೆ ಅವನು ಹೊರಟು ಹೋಗುವಾಗ ವರ್ಲಾ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

"ಏನಿದು ವರ್ಲಾ, ನಿನ್ನ ಪಿಕಪ್ಪು ಆಕಾಶ ನೋಡ್ಕೊಂಡು ಪ್ರಾರ್ಥನೆಗೆ ಕೂತಿದ್ಯಾ?"

"ನಿನಗಿಂತ ಅದಕ್ಕೇ ಭಕ್ತಿ ಜಾಸ್ತಿ. ಬಾ, ಈ ಸರಪಳಿ ಹಿಡ್ಕೋ."

ಅವನು ಸರಪಳಿ ಹಿಡಿಯಲಿಲ್ಲ. ಪಿಕಪ್ಪಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರವನ್ನು ಬೂಟಿನಿಂದ ಒತ್ತಿದ. "ಮುಂದಿನ ಚಕ್ರ ನೆಲಾನೇ ಮುಟ್ತಿಲ್ಲ ಅನ್ಬೇಕು. ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ಕೇಳುತ್ತಾ? ಸುಮ್ನೆ ನಮ್ಮ ಜೊತೆ ಬಂದ್ಬಿಡು. ಹಿಂದಿನ ಸೀಟು ಖಾಲಿ ಇದೆ. ಟ್ವೈಲಾ ನಿನಗೆ ಅಂತ ದಿಂಬು ಕೂಡ ಇಟ್ಟಿದ್ದಾಳೆ."

"ದಿಂಬಿನ ಮೇಲೆ ತಟ್ಟೆ ಇಟ್ಟು ಬಡಿಸೋಕಾಗುತ್ತಾ?"

"ಮೇಜು ಬೇಕಾದ್ರೆ ನಮ್ಮದಿಲ್ವಾ?"

"ನಿಮ್ಮ ಮೇಜಿನ ಮೇಲೆ ನಿನ್ನ ಇಸ್ಪೀಟು, ಮಳೆ ಕೋಟು, ನಾಯಿ. ಮನೆ ಕಳ್ಕೊಂಡೋರು ಅಲ್ಲಿ ಎಲ್ಲಿ ಕೂರ್ತಾರೆ, ಹೇಳು."

ಡೆಲ್ಮರ್ ನಕ್ಕ. ಆದರೆ ಹೊರಡುವಾಗ ಅವನ ಮುಖದಲ್ಲಿ ನಗು ಇರಲಿಲ್ಲ. "ನಿನ್ನ ಹಿಂದೆ ಹೋಗ್ತೀನಿ ಅಂತ ಎದ್ದು ನಿಲ್ಲೋಕೆ ಯಾರಿಗಾದ್ರೂ ಧೈರ್ಯ ಬರ್ಬೇಕಲ್ಲ," ಎಂದು ಹೇಳಿ ಹೋದ.

ಮರುದಿನ ವರ್ಲಾ ಕೊಂಡಿಯನ್ನು ಬಿಚ್ಚಿ, ತಳ್ಳುಗಾಡಿಯಲ್ಲಿ ಹಾಕಿ ಪಿಕಪ್ಪಿಗೆ ಏರಿಸಿ, ವೆಂಡೆಲ್ ರಾಟ್ಸ್‌ಲಾಫನ ಅಂಗಡಿಗೆ ಒಯ್ದಳು. ಊರಾಚೆಯ ಹೆದ್ದಾರಿ ಪಕ್ಕ ಅವನ ತಗಡಿನ ಶೆಡ್ಡು. ಟ್ರೈಲರುಗಳಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ವೆಂಡೆಲ್ ಸಭೆಯ ಗಾಯನದಲ್ಲಿ ಮಂದ್ರ ಸ್ವರ ಹಿಡಿಯುವವನು. ಮಾತೂ ಹಾಗೆಯೇ, ತಗ್ಗಿನಲ್ಲಿ.

"ಟ್ರೈಲರು ಎಷ್ಟು ಭಾರ?" ಎಂದು ಕೇಳಿದ.

ಬಾಗಿಲ ಪಕ್ಕದ ತಗಡಿನ ಮೇಲೆ ಬರೆದಿದ್ದ ತೂಕವನ್ನು ವರ್ಲಾ ಹೇಳಿದಳು.

"ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ತೂಕ ಕಣಮ್ಮ. ಅವತ್ತು ಅದರಲ್ಲಿ ನಿಮ್ಮ ಬಾಣಲೆ ಇತ್ತಾ? ಹಿಟ್ಟಿನ ಮೂಟೆ? ಎಲ್ಡನ್‌ನ ಹತಾರದ ಪೆಟ್ಟಿಗೆ?"

"ಇರಲಿಲ್ಲ."

"ಹಾಗಾದ್ರೆ ಹೊರಡೋ ದಿನ ಏನೇನು ತುಂಬ್ತೀರೋ ಅಷ್ಟನ್ನೂ ತುಂಬಿ, ನೀರೂ ಹಿಡಿದು, ಗೋಧಿ ತೂಗೋ ಕಟ್ಟೆ ಮೇಲೆ ತಂದು ನಿಲ್ಲಿಸಿ. ಆಮೇಲೆ ಮೂಕಿ ಒಂದನ್ನೇ ತೂಗೋಣ. ಕೊಂಡಿ ಆರಿಸೋದು ಮೂಕಿಯ ಭಾರ ನೋಡಿ."

ಆ ಕಟ್ಟೆ ಇದ್ದ ಗೋಧಿಯ ಗೋದಾಮು ಅಂಗಳದಿಂದ ಒಂದು ಮೈಲಿಯೂ ಇಲ್ಲ. ಪಕ್ಕದ ಹೊಲದವರು ಮತ್ತೆ ಟ್ರ್ಯಾಕ್ಟರಿನಲ್ಲೇ ಎಳೆದುಕೊಟ್ಟರು. ಸುಗ್ಗಿಯ ಕಾಲದಲ್ಲಿ ವರ್ಲಾ ಅದೇ ಕಟ್ಟೆಯ ಮೇಲೆ ಎಷ್ಟೋ ಸಲ ಗೋಧಿ ಲಾರಿ ನಿಲ್ಲಿಸಿದವಳು. ಈಗ ತನ್ನ ಅಡುಗೆಮನೆಯನ್ನೇ ಅದರ ಮೇಲೆ ನಿಲ್ಲಿಸಿ ತೂಗಿಸುವಾಗ ಅವಳಿಗೆ ನಾಚಿಕೆಯಾದಂತಾಯಿತು. ತಗಡಿನ ಮೇಲೆ ಬರೆದದ್ದಕ್ಕಿಂತ ಭಾರ ಬಹಳ ಹೆಚ್ಚಿತ್ತು. ಮೂಕಿಯ ಭಾರ ಎಂಟು ನೂರು ಪೌಂಡಿನ ಹತ್ತಿರ ಬಂತು.

ಶೆಡ್ಡಿಗೆ ಮರಳಿದ ಮೇಲೆ ವೆಂಡೆಲ್ ಮೂಲೆಯ ಒಂಟಿಚಕ್ರದ ತಳ್ಳುಗಾಡಿಯನ್ನು ತೋರಿಸಿ ಹೇಳಿದ: "ಅದರ ಹಿಡಿಕೆ ಎತ್ತಿದ್ರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತಲ್ಲ, ಈ ಸರಳುಗಳ ಕೆಲಸವೂ ಅಷ್ಟೇ. ನಿಮ್ಮ ಪಿಕಪ್ಪಿನ ಬೆನ್ನ ಮೇಲೆ ಬಿದ್ದ ಭಾರಾನ ಸ್ವಲ್ಪ ಮುಂದಿನ ಚಕ್ರಕ್ಕೆ, ಸ್ವಲ್ಪ ಟ್ರೈಲರಿನ ಚಕ್ರಕ್ಕೆ ಹಂಚುತ್ತೆ. ಸರಳು ಮೆತ್ತಗಿದ್ರೆ ಬೆನ್ನು ಬಗ್ಗುತ್ತೆ. ಅಂಗಳದಲ್ಲಿ ನೀವು ನೋಡಿದ್ದು ಅದನ್ನೇ. ತೀರಾ ಬಿರುಸಾದ್ರೂ ಕಷ್ಟ. ಹಿಂದಿನ ಚಕ್ರದ ಮೇಲೆ ಇರಬೇಕಾದ ಭಾರಾನೂ ಎತ್ತಿಬಿಡುತ್ತೆ. ಒದ್ದೆ ರಸ್ತೆ ಸಿಕ್ಕಿದ್ರೆ ಜಾರುತ್ತೆ."

"ಎಲ್ಡನ್ ಇದನ್ನೇ ಹಾಕ್ಕೊಂಡು ಇಷ್ಟು ವರ್ಷ ಹೋಗಿಬಂದ್ರಲ್ಲ?"

"ಅವರ ಟ್ರಕ್ಕು ದೊಡ್ಡದು, ಭಾರ ಹೊತ್ಕೊಂಡು ಸುಮ್ಮನಿತ್ತು. ಇದು ಮೆತ್ತಗಾಗಿದ್ದು ಅವರಿಗೂ ಗೊತ್ತಾಗಿಲ್ಲ." ವೆಂಡೆಲ್ ಹಳೆಯ ಕೊಂಡಿಯನ್ನು ತಿರುವಿ, ಸರಳು ಕೂರುವ ತೂತನ್ನು ತೋರಿಸಿದ. ದುಂಡಗಿರಬೇಕಾದ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. "ಅದೂ ಅಲ್ದೆ ಇದನ್ನ ಎತ್ತರದ ಗಾಡಿಗೆ ಅಂತ ಇಳಿಸಿ ಕಟ್ಟಿದ್ದಾರೆ. ನಿಮ್ಮದು ತಗ್ಗಿನ ಗಾಡಿ. ನಿಮ್ಮ ಮೂಕಿಗೆ ತಕ್ಕದ್ದು ಇಲ್ಲೇ ಇದೆ, ಸನ್ನೆಕೋಲು ಇಟ್ಟು ಎತ್ತಿದ್ರೆ ನಿಮ್ಮ ಕೈಗೂ ಆಗುತ್ತೆ. ತೆಗೆದಿಡ್ಲಾ?"

ವರ್ಲಾಳ ಬೆರಳು ಹಳದಿ ಬಳೆಯ ಮೇಲೆ ಇತ್ತು. ಬಣ್ಣ ಬಳಿಯುವಾಗ ಎಲ್ಡನ್ ಕುಂಚ ಸಿಗದೆ ಬನ್ನಿಗೆ ಬೆಣ್ಣೆ ಸವರುವ ಅವಳ ಅಡುಗೆಯ ಕುಂಚ ಕದ್ದೊಯ್ದಿದ್ದ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು. ಹಳೆಯದನ್ನು ಹೊತ್ತುಕೊಂಡೇ ಮನೆಗೆ ಬಂದಳು.

ಅವಳು ಯೋಚನೆ ಮಾಡುತ್ತಿರುವಾಗಲೇ ಡೆಲ್ಮರ್ ಇನ್ನೊಂದು ದಿನ ಬಂದ. ಅವನ ಗಾಡಿಯಲ್ಲಿ ಒಂದು ಪೆಟ್ಟಿಗೆ ಇತ್ತು. ಅದನ್ನು ಎತ್ತಿ ಇಳಿಸಲಾಗದೆ ಹಲಗೆ ಒರಗಿಸಿ ಜಾರಿಸಿದ. ಒಳಗೆ ಹೊಚ್ಚ ಹೊಸ ಕೊಂಡಿ. ಆ ಜಾತಿಯಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಸರಳುಗಳು ವರ್ಲಾಳ ಮುಂಗೈಯಷ್ಟು ದಪ್ಪವಾಗಿದ್ದವು.

"ದೂರದ ಪೇಟೆಯಿಂದ ತಂದೆ. ಇದನ್ನ ಹಾಕಿದ್ರೆ ಬಿರುಗಾಳಿ ಬಂದ್ರೂ ಟ್ರೈಲರು ಅಲ್ಲಾಡಲ್ಲ," ಎಂದ. "ಆನೇನ ಕಟ್ಟಿ ಎಳೀಬಹುದು."

"ನಾನು ಆನೆ ಎಳ್ಕೊಂಡು ಹೋಗ್ತಿಲ್ವಲ್ಲ, ಡೆಲ್ಮರ್."

"ಇರ್ಲಿ ಬಿಡು. ದೊಡ್ಡದಿದ್ರೆ ಒಳ್ಳೇದೇ ಅಲ್ವಾ?"

ಅವನು ನೆಲದ ಮೇಲೆ ಮಲಗಿ, ಏದುಸಿರು ಬಿಡುತ್ತ ತಾನೇ ಅದನ್ನು ಜೋಡಿಸಿದ. ಬಿಗಿದ ನಟ್ಟನ್ನೇ ಮತ್ತೆ ಮತ್ತೆ ಬಿಗಿದ. ವೆಂಡೆಲ್ ಹೇಳಿದ ಮಾತು ವರ್ಲಾಳ ನಾಲಿಗೆಯ ತುದಿಗೆ ಬಂತು, ಅವಳು ನುಂಗಿಕೊಂಡಳು. ಕಳೆದ ಸಲ ಎಲ್ಡನ್ ಮತ್ತು ಅವಳು ಮುಂಚೆಯೇ ಊರಿಗೆ ಮರಳಿದ್ದರು. ಎಲ್ಡನ್ ಸತ್ತ ದಿನ ಡೆಲ್ಮರ್ ಇನ್ನೂ ಕರಾವಳಿಯಲ್ಲಿ ಯಾರದೋ ಮನೆಯ ಮಾಡಿನ ಮೇಲಿದ್ದ. ಬಂದು ಸೇರುವಷ್ಟರಲ್ಲಿ ಮಣ್ಣು ಮಾಡುವ ಹೊತ್ತಾಗಿತ್ತು. ಅಂದಿನಿಂದ ಅವನು ಇವಳ ಮನೆಯ ಗಟಾರದ ಕಸ ತೆಗೆದಿದ್ದ, ಕೊಟ್ಟಿಗೆಯ ಬಾಗಿಲಿಗೆ ಹೊಸ ಕೀಲು ಹಾಕಿದ್ದ, ಕೇಳದಿದ್ದರೂ ಸೌದೆ ಒಡೆದು ಒಟ್ಟಿದ್ದ. ಬಾಯಿ ಬಿಟ್ಟು ಮಾತ್ರ ಅಣ್ಣನ ಹೆಸರು ಎತ್ತಿರಲಿಲ್ಲ. ಅಂಥವನು ತಂದು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ?

ಕಾಫಿ ಕೊಟ್ಟಳು. ಬೆಳಿಗ್ಗೆ ಬೇಯಿಸಿದ ಜ್ವೀಬಾಕ್ ಇಟ್ಟಳು. ಒಂದು ಬನ್ನಿನ ತಲೆಯ ಮೇಲೆ ಇನ್ನೊಂದು ಪುಟ್ಟ ಬನ್ನು ಕೂತಂತೆ ಬೇಯಿಸುವ ಈ ತಿಂಡಿಯಲ್ಲಿ ಡೆಲ್ಮರ್ ಯಾವಾಗಲೂ ತಲೆಯನ್ನು ಮೊದಲು ಕಿತ್ತು ತಿನ್ನುತ್ತಿದ್ದ. ಇವತ್ತೂ ಹಾಗೆಯೇ ಮಾಡಿದ.

ಅವನು ಹೋದ ಮೇಲೆ ವರ್ಲಾ ಒಂದು ಸರಳನ್ನು ಎತ್ತಲು ನೋಡಿದಳು. ಮೊಣಕಾಲಿನವರೆಗೆ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ಸನ್ನೆಕೋಲು ಹಾಕಿ ಜೋತುಬಿದ್ದರೂ ಸರಪಳಿ ಬಿಗಿಯಲಿಲ್ಲ. ಅಲ್ಲಿಯೇ ಮೂಕಿಯ ಮೇಲೆ ಕೂತು ಅವಳು ಕಣ್ಣು ಮುಚ್ಚಿದಳು. ಅವಳ ಪ್ರಾರ್ಥನೆಯಲ್ಲಿ ಮಾತು ಹೆಚ್ಚು ಇರುತ್ತಿರಲಿಲ್ಲ. ಸ್ವಾಮೀ, ಅವನ ಮನಸ್ಸು ನೋಯಬಾರದು, ನನ್ನ ಮೇಜಿನ ಊಟವೂ ನಿಂತುಹೋಗಬಾರದು, ಎಂದಷ್ಟೇ ಹೇಳಿ ಎದ್ದಳು.

ಶನಿವಾರ ಬೆಳಿಗ್ಗೆ ತುಂತುರು ಮಳೆ. ಗಾಡಿಯನ್ನು ಓಡಿಸಿ ನೋಡಲು ಬಂದ ಡೆಲ್ಮರ್ ಸರಪಳಿಗಳನ್ನು ತಾನೇ ಬಿಗಿದು, "ನಡಿ, ನಾನು ಹಿಂದೆ ಬರ್ತೀನಿ, ಹೇಗೆ ಹೋಗುತ್ತೆ ನೋಡೋಣ," ಎಂದ.

"ಹಿಂದೆ ಬೇಡ. ನನ್ನ ಪಕ್ಕದಲ್ಲಿ ಕೂತ್ಕೋ."

"ಪಕ್ಕದಲ್ಲಿ ಕೂತ್ರೆ ಏನು ಕಾಣುತ್ತೆ?"

"ಕಾಣದೆ ಇರೋದು ಗೊತ್ತಾಗುತ್ತೆ. ಹತ್ತು."

ವರ್ಲಾ ಗಾಡಿಯನ್ನು ರಸ್ತೆಗೆ ಇಳಿಸಿದಳು. ಗೇಟಿನ ತಿರುವಿನಲ್ಲಿ ಟ್ರೈಲರಿನ ಚಕ್ರ ಕಲ್ಲುಕಂಬಕ್ಕೆ ತಗಲದಂತೆ ಅಗಲವಾಗಿ ಹೊರಗೆಳೆದುಕೊಂಡು ತಿರುಗಿಸಿದ್ದನ್ನು ನೋಡಿ ಡೆಲ್ಮರ್ ಹುಬ್ಬೇರಿಸಿದ.

"ಇದನ್ನ ಯಾವಾಗ ಕಲಿತೆ?"

"ಪ್ರತಿ ವರ್ಷ. ಊರು ದಾಟೋವರೆಗೆ ಎಲ್ಡನ್ ಓಡಿಸ್ತಿದ್ದರು. ಆಮೇಲೆ ಸ್ಟೇರಿಂಗ್ ನನ್ನದು. ಊಟಕ್ಕೆ ನಿಲ್ಲೋ ಮುಂಚೆ ಮತ್ತೆ ಜಾಗ ಬದಲಾಯಿಸ್ತಿದ್ವಿ."

"ಸುಳ್ಳು!"

"ಅವರು ಗೊರಕೆ ಹೊಡೀತಿದ್ದರು. ನೀನು ಸಾಲಿನ ತಲೇಲಿ ಇರ್ತಿದ್ದೆ, ನಾವು ಬಾಲದಲ್ಲಿ. ನಿನಗೆ ಕಾಣೋದಾದ್ರೂ ಹೇಗೆ?"

ಡೆಲ್ಮರ್ ಭುಜ ಕುಣಿಸಿ ನಗತೊಡಗಿದ. "ಊಟಕ್ಕೆ ಇಳಿದಾಗ ಬೆನ್ನು ಹಿಡ್ಕೊಂಡು 'ಅಬ್ಬಾ, ಓಡಿಸಿ ಓಡಿಸಿ ಸಾಕಾಯ್ತು' ಅಂತಿದ್ನಲ್ಲ, ಕಳ್ಳ!"

ಆ ನಗು ಮುಗಿಯುವ ಮುಂಚೆಯೇ ರೈಲು ದಾಟುವ ಜಾಗ ಬಂತು. ಪಿಕಪ್ಪು ಹಳಿ ಹತ್ತಿ ಇಳಿಯಿತು. ಬಗ್ಗಬೇಕಾದಲ್ಲಿ ಸರಳುಗಳು ಬಗ್ಗಲಿಲ್ಲ. ಗಾಡಿಗೆ ಗಾಡಿಯೇ ಹಲಗೆಯಂತೆ ಎದ್ದು ಬಿತ್ತು. ಡೆಲ್ಮರನ ಟೋಪಿ ಕಾಲಡಿಗೆ ಹಾರಿತು. ಹಿಂದೆ ಟ್ರೈಲರಿನೊಳಗೆ ಪಿಂಗಾಣಿ ಒಡೆದ ಸದ್ದು ಕೇಳಿಸಿತು. ಅಲ್ಲಿಂದ ಮುಂದೆ ಹೊಳೆಯ ಕಡೆಗೆ ಇಳಿಯುವ ತಿರುವು. ವರ್ಲಾ ವೇಗ ಇಳಿಸಿ, ಮೆಲ್ಲಗೆ ತಿರುಗಿಸಿದಳು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಹಿಡಿತ ಬಿಟ್ಟು, ಪಿಕಪ್ಪಿನ ಹಿಂಭಾಗ ಚರಂಡಿಯ ಕಡೆಗೆ ಜಾರಿತು. ಅವಳು ಗಾಬರಿಯಾಗಿ ಬ್ರೇಕು ಒತ್ತಲಿಲ್ಲ. ಸ್ಟೇರಿಂಗನ್ನು ಜಾರುವ ಕಡೆಗೇ ತುಸು ಬಿಟ್ಟುಕೊಟ್ಟು, ಮತ್ತೆ ಹಿಡಿತ ಸಿಕ್ಕ ಮೇಲೆ ನೆಟ್ಟಗೆ ತಂದು ಪಕ್ಕದಲ್ಲಿ ನಿಲ್ಲಿಸಿದಳು.

ಅವಳು ಎಂಜಿನ್ನು ಆರಿಸಿದಳು.

"ಹಿಂದಿನ ಚಕ್ರದ ಭಾರ ಎತ್ತಿಬಿಟ್ಟಿದೆ," ಎಂದಳು ವರ್ಲಾ. "ವೆಂಡೆಲ್ ಹೇಳಿದ್ದ. ನಿನಗೆ ಹೇಳೋಕೆ ನನ್ನ ಬಾಯಿ ಬರ್ಲಿಲ್ಲ. ಆ ಸರಳು ನನ್ನ ಕೈಲಿ ಎತ್ತೋಕೂ ಆಗಲ್ಲ, ಡೆಲ್ಮರ್."

ಅವನು ಕಾಲಡಿಯಿಂದ ಟೋಪಿ ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡ. ಅದರ ಅಂಚನ್ನು ಸುತ್ತಲೂ ತಡವುತ್ತ ಕೂತ.

"ಇಷ್ಟು ವರ್ಷ ನಾನು ಮುಂದೆ ಹೋಗ್ತಿದ್ದೆ," ಎಂದ ಕಡೆಗೆ. "ದಿಬ್ಬ ಹತ್ತಿದಾಗೆಲ್ಲ ಕನ್ನಡಿ ನೋಡ್ತಿದ್ದೆ. ಸಾಲಿನ ಕೊನೇಲಿ ಅಣ್ಣನ ಬಿಳಿ ಟ್ರೈಲರು ಕಾಣಿಸ್ತು ಅಂದ್ರೆ ಎಲ್ಲ ಸರಿಯಾಗಿದೆ ಅಂತ ಲೆಕ್ಕ. ಅದು ಕಾಣಿಸೋವರೆಗೂ ಉಸಿರು ಬಿಡ್ತಿರಲಿಲ್ಲ. ಈ ಸಲ ಕನ್ನಡಿ ನೋಡ್ದಾಗ ನಿನ್ನ ಟ್ರೈಲರು ಚರಂಡೀಲಿ ಬಿದ್ದಿದ್ರೆ? ಆವತ್ತೂ ನಾನು ಇಲ್ಲಿರಲಿಲ್ಲ, ವರ್ಲಾ. ಅದಕ್ಕೇ ಅಂಗಡೀಲಿ ಇದ್ದದ್ರಲ್ಲಿ ದೊಡ್ಡದು ಯಾವುದೋ ಅದನ್ನೇ ಕೊಡಿ ಅಂದೆ. ತೂಕ ಎಷ್ಟು ಅಂತ ಅವರು ಕೇಳಿದ್ರು. ನಾನು ಹೇಳಲೇ ಇಲ್ಲ."

ವರ್ಲಾ ತನ್ನ ಕೈಯನ್ನು ಅವನ ತೋಳಿನ ಮೇಲಿಟ್ಟಳು. ಇಬ್ಬರೂ ಅಂಥದಕ್ಕೆಲ್ಲ ರೂಢಿಯಾದವರಲ್ಲ. ಹಾಗಾಗಿ ಬೇಗನೆ ತೆಗೆದುಕೊಂಡಳು.

"ನೀನು ಇಲ್ಲಿ ಇದ್ದಿದ್ರೂ ಅವರು ನಿಲ್ತಿರಲಿಲ್ಲ. ದೇವರ ಕರೆ ಬಂದಿತ್ತು, ಹೋದರು," ಎಂದಳು. "ಇನ್ನು ನನ್ನ ಬುದ್ಧಿವಂತಿಕೆ ಕೇಳು. ವೆಂಡೆಲ್ ಸವೆದ ತೂತು ತೋರಿಸಿದ್ರೂ ಹಳೇ ಕೊಂಡೀನ ಮನೆಗೆ ಹೊತ್ಕೊಂಡು ಬಂದೆ. ಅದರ ಮೇಲೆ ಅವರು ಬಳಿದ ಬಣ್ಣ ಇತ್ತು ಅಂತ. ಬಣ್ಣ ನೋಡಿ ಕೊಂಡಿ ಆರಿಸಿದವಳು ನಾನು. ಗಾತ್ರ ನೋಡಿ ಆರಿಸಿದವನು ನೀನು. ಎಲ್ಡನ್ ಇದ್ದಿದ್ರೆ ಇಬ್ಬರನ್ನೂ ಕೊಟ್ಟಿಗೇಲಿ ಕಟ್ಟಿಹಾಕ್ತಿದ್ದರು."

ಡೆಲ್ಮರ್ ಮೂಗು ಒರೆಸಿಕೊಂಡ. "ಮೊದ್ಲು ಹಿಂದೆ ಹೋಗಿ ಏನೇನು ಒಡೆದಿದೆ ನೋಡು. ಆಮೇಲೆ ಟ್ವೈಲಾ ಹತ್ರ ನಾನು ಒಡೆದೆ ಅಂತ ಹೇಳ್ಬೇಡ."

ಅವನು ಮಳೆಯಲ್ಲೇ ಇಳಿದು ಸರಪಳಿಗಳನ್ನು ಒಂದೆರಡು ಬಳೆ ಸಡಿಲಿಸಿದ. ಅಲ್ಲಿಂದ ನಡೆದು ಹೋಗುವಷ್ಟು ನಿಧಾನವಾಗಿ ಇಬ್ಬರೂ ವೆಂಡೆಲ್‌ನ ಶೆಡ್ಡು ತಲುಪಿದರು. ಅವರ ಗಾಡಿ ಬರುವುದನ್ನು ದೂರದಿಂದಲೇ ನೋಡಿ ಬಾಗಿಲಲ್ಲಿ ನಿಂತಿದ್ದ ವೆಂಡೆಲ್ ದಪ್ಪ ಸರಳುಗಳ ಮೇಲೆ ಕಣ್ಣಾಡಿಸಿ, "ಆನೆ ಎಲ್ಲಿ?" ಎಂದ.

"ಇದೇ ಮಾತನ್ನ ನಾನೂ ಕೇಳಿದ್ದೆ," ಎಂದಳು ವರ್ಲಾ.

"ಸಾಕು ಸಾಕು," ಎಂದ ಡೆಲ್ಮರ್. "ಅವಳಿಗೆ ಸರಿಯಾದ್ದನ್ನ ತೆಗಿ."

ಕೆಲಸ ಆಗ ಚುರುಕಾಯಿತು. ಮೊದಲು ಮೂಕಿಯನ್ನು ಬಿಡಿಸಿ, ಪಿಕಪ್ಪು ಬರಿದಾಗಿ ನಿಂತಾಗ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡು ನೆಲದಿಂದ ಎಷ್ಟು ಎತ್ತರವಿದೆ ಎಂದು ಡೆಲ್ಮರ್ ಟೇಪು ಹಿಡಿದು ಅಳೆದ. ವೆಂಡೆಲ್ ತೆಗೆದುಕೊಟ್ಟ ಕೊಂಡಿಯನ್ನು ತಗ್ಗಿನ ಗಾಡಿಗೆ ತಕ್ಕಂತೆ ಏರಿಸಿ ಕಟ್ಟಿದ ಮೇಲೆ ಮೂಕಿಯನ್ನು ಇಳಿಸಿ ಮತ್ತೆ ಅಳೆದ. ಮೂತಿ ಮೇಲೆದ್ದಿತ್ತು. ವರ್ಲಾ ಸನ್ನೆಕೋಲು ಹಾಕಿ ಸರಳನ್ನು ಎತ್ತಿದಳು. ಅವಳ ತೋಳು ಬಿಗಿಯಾಯಿತು, ಮೊಣಕಾಲು ಬಾಗಿತು, ಸರಪಳಿಯ ಬಳೆ ಟಕ್ಕೆಂದು ಕೂತಿತು. ಇನ್ನೊಂದು ಬದಿಯೂ ಕೂತಿತು. ಡೆಲ್ಮರ್ ಮತ್ತೆ ಬಗ್ಗಿ ಅಳೆದ. ಮೇಲೆದ್ದ ಮೂತಿ ಬಹುಮಟ್ಟಿಗೆ ಮೊದಲಿನ ಎತ್ತರಕ್ಕೇ ಇಳಿದಿತ್ತು.

"ಒಂದು ಬಳೆ ಇನ್ನೂ ಬಿಗಿದ್ರೆ?" ಎಂದ.

"ಬೇಡ," ಎಂದರು ವರ್ಲಾ ಮತ್ತು ವೆಂಡೆಲ್ ಇಬ್ಬರೂ ಒಟ್ಟಿಗೆ.

ಅದೇ ತಿರುವಿನ ಮೇಲೆ, ಅದೇ ಮಳೆಯಲ್ಲಿ ವರ್ಲಾ ಮತ್ತೆ ಓಡಿಸಿದಳು. ಈ ಸಲ ಡೆಲ್ಮರ್ ವೆಂಡೆಲ್‌ನ ಗಾಡಿಯಲ್ಲಿ ಹಿಂದೆ ಬಂದ. ರೈಲು ಹಳಿಯ ಮೇಲೆ ಪಿಕಪ್ಪು ಮತ್ತು ಟ್ರೈಲರು ಒಂದರ ಹಿಂದೊಂದು ತಲೆ ಬಾಗಿಸಿ ಎದ್ದವು. ತಿರುವಿನಲ್ಲಿ ಏನೂ ಆಗಲಿಲ್ಲ. ಏನೂ ಆಗದಿದ್ದುದನ್ನು ನೋಡಲೆಂದೇ ಡೆಲ್ಮರ್ ಅವಳನ್ನು ಮತ್ತೊಮ್ಮೆ ಸುತ್ತು ಹಾಕಿಸಿದ.

ದೊಡ್ಡ ಕೊಂಡಿಯನ್ನು ಅಂಗಡಿಗೆ ವಾಪಸು ಕೊಡುವ ಮಾತು ಬಂದಾಗ ವೆಂಡೆಲ್, "ಹೇಗೂ ಕಟ್ಟೆ ಹತ್ತಿರಾನೇ ಇದೆ, ನಿಮ್ಮ ಟ್ರೈಲರನ್ನೂ ಒಮ್ಮೆ ತೂಗಿಬಿಡೋಣ," ಎಂದ. ಡೆಲ್ಮರನದು ಸಾಲಿನಲ್ಲೇ ದೊಡ್ಡ ಟ್ರೈಲರು. ಅದನ್ನು ಕೊಂಡ ಮೇಲೆ ಯಾರೂ ತೂಗಿರಲಿಲ್ಲ. ಮುಂದಿನ ಖಾನೆಯಲ್ಲಿ ಅವನು ಟೈಲ್ಸು ಕತ್ತರಿಸುವ ಯಂತ್ರ, ಹೆಚ್ಚುವರಿ ಬ್ಯಾಟರಿ, ನಾಯಿಯ ಆಹಾರ ಎಲ್ಲ ಒತ್ತಿಟ್ಟಿದ್ದ. ತೂಕ ನೋಡಿ ವೆಂಡೆಲ್ ತಲೆ ಕೆರೆದುಕೊಂಡ. ಡೆಲ್ಮರನ ಸರಳುಗಳು ಇಷ್ಟು ವರ್ಷವೂ ಬೇಕಾದ್ದಕ್ಕಿಂತ ಮೆತ್ತಗಿದ್ದವು. ಆ ದೊಡ್ಡ ಕೊಂಡಿ ಅವನ ಗಾಡಿಗೇ ಹೇಳಿ ಮಾಡಿಸಿದಂತಿತ್ತು.

"ಆನೆ ಸಿಕ್ತು," ಎಂದಳು ವರ್ಲಾ.

ಎಲ್ಡನ್‌ನ ಹಳೆಯ ಕೊಂಡಿಯನ್ನು ಅವಳೇ ಶೆಡ್ಡಿನ ಹಿಂದಿನ ಕಬ್ಬಿಣದ ರಾಶಿಯ ಮೇಲೆ ಇಟ್ಟು ಬಂದಳು. ಅದರ ಗುಂಡನ್ನು ಮಾತ್ರ ಬಿಚ್ಚಿಸಿಕೊಂಡಳು. ಕರಾವಳಿಯ ಗಾಳಿಗೆ ಟ್ರೈಲರಿನ ಬಾಗಿಲು ಬಡಿದುಕೊಳ್ಳುತ್ತಿತ್ತು, ಊಟಕ್ಕೆ ಬಂದವರು ತಟ್ಟೆ ಹಿಡಿದುಕೊಂಡು ಒಳಗೆ ಹತ್ತುವಾಗ ಅದನ್ನು ತಡೆಯಲು ಭಾರವಾದದ್ದು ಏನಾದರೂ ಬೇಕಿತ್ತು.

ಭಾನುವಾರ ಸ್ತುತಿಗೀತೆ ಮುಗಿದ ಮೇಲೆ ಸಭಾಪಾಲಕರು ಹೊರಡುವವರ ಹೆಸರುಗಳನ್ನು ಕರೆದರು. ಒಬ್ಬೊಬ್ಬರಿಗೂ ಯಾರಾದರೊಬ್ಬರು ಎದ್ದು ನಿಂತರು. ಆಮೇಲೆ ಅವರು, "ವರ್ಲಾ ಶ್ರಾಗ್," ಎಂದರು. ಅವರ ದನಿ ತುಸು ತಗ್ಗಿತು. "ಇವರ ಹಿಂದೆ ಯಾರು ಹೋಗುತ್ತೀರಿ?"

ವರ್ಲಾ ಮಡಿಲಲ್ಲಿ ಕೈ ಜೋಡಿಸಿಕೊಂಡು ಕೆಳಗೆ ನೋಡುತ್ತಿದ್ದಳು. ಡೆಲ್ಮರ್ ಎದ್ದು ವರ್ಲಾಳ ಗಾಡಿ ಚೆನ್ನಾಗಿದೆ ಎಂದು ಒಂದು ಮಾತು ಹೇಳಬಹುದು, ಅದನ್ನು ಕೇಳಿ ಬೇರೆ ಯಾರಾದರೂ ಎದ್ದಾರು ಎಂದು ಅವಳ ಎಣಿಕೆ. ಸಾಲಿನ ಮುಂದಿರುವವನು ಯಾರ ಹಿಂದೆಯೂ ಹೋಗುವುದಿಲ್ಲವಲ್ಲ.

ಬೆಂಚು ಕಿರುಗುಟ್ಟಿತು. ಡೆಲ್ಮರ್ ಎದ್ದಿದ್ದ.

"ನಾನು ಹೋಗ್ತೀನಿ," ಎಂದ.

"ನೀನು ಮುಂದೆ ಹೋಗೋನಲ್ವೇನಯ್ಯ?" ಎಂದು ಹಿಂದಿನಿಂದ ಯಾರೋ ಮುದುಕರು ಕೇಳಿಯೇಬಿಟ್ಟರು.

"ದಾರಿ ಎಲ್ಲರಿಗೂ ಗೊತ್ತು, ಮುಂದೆ ಯಾರು ಬೇಕಾದ್ರೂ ಹೋಗ್ಲಿ." ಅವನು ಮುಂದಿನ ಬೆಂಚನ್ನು ಹಿಡಿದುಕೊಂಡ. ಆಮೇಲೆ ಹೇಳಿದ: "ಕೊನೇ ಜಾಗ ನಮ್ಮ ಅಣ್ಣನದು. ಅದು ಖಾಲಿ ಇರಬಾರದು. ವರ್ಲಾ ನನ್ನ ಮುಂದೆ ಹೋಗ್ಲಿ. ನಾನು ನೋಡಿದ್ದೀನಿ, ಅವಳ ಹಿಂದೆ ಎಷ್ಟು ದೂರ ಬೇಕಾದ್ರೂ ಹೋಗ್ತೀನಿ."

ಸಭಾಪಾಲಕರು ಆಗಲಿ ಎಂಬಂತೆ ತಲೆಯಾಡಿಸಿ ಮುಂದಿನ ಹೆಸರಿಗೆ ಹೋದರು. ಕೊನೆಯವನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹೊರಟ ದಿನ ಆಕಾಶ ತಿಳಿಯಾಗಿತ್ತು, ಗಾಳಿ ಪಕ್ಕದಿಂದ ಬೀಸುತ್ತಿತ್ತು. ಗಾಳಿ ತಗಲಿದಾಗ ಟ್ರೈಲರು ಒಮ್ಮೆ ಭುಜ ಕೊಡವಿದಂತೆ ಮಾಡಿ ಮತ್ತೆ ತನ್ನ ಗೆರೆಗೆ ಬರುತ್ತಿತ್ತು. ವರ್ಲಾಳ ಪಕ್ಕದ ಸೀಟಿನಲ್ಲಿ ಬಟ್ಟೆ ಸುತ್ತಿದ ಜ್ವೀಬಾಕಿನ ಬುಟ್ಟಿ ಇತ್ತು. ಗೊರಕೆ ಇಲ್ಲದ ಆ ಸೀಟಿನ ಕಡೆಗೆ ಅವಳು ಹೆಚ್ಚು ನೋಡಲಿಲ್ಲ. ಕನ್ನಡಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ, ಎಲ್ಡನ್ ಮತ್ತು ಅವಳ ಹಿಂದೆ ಎಂದೂ ಯಾರೂ ಬಂದಿರಲಿಲ್ಲ. ಮೊದಲ ದಿಬ್ಬ ಹತ್ತಿದಾಗ ನೋಡಿದಳು. ಡೆಲ್ಮರನ ದೊಡ್ಡ ಗಾಡಿ ಸೊಂಟ ನೆಟ್ಟಗೆ ಮಾಡಿಕೊಂಡು ಹಿಂದೆ ಬರುತ್ತಿತ್ತು.

ಊಟಕ್ಕೆ ನಿಂತಾಗ ಅವನು ಬೆನ್ನು ಹಿಡಿದುಕೊಂಡು ಇಳಿದು ಬಂದ. ವರ್ಲಾ ಏನೋ ಕೆಟ್ಟಿದೆಯೆಂದು ಗಾಬರಿಯಾದಳು.

"ಏನಾಯ್ತು? ಬಾಲ ಆಡಿಸ್ತಾ?"

"ಅದೇನೂ ಇಲ್ಲ, ರೈಲಿನ ಹಾಗೆ ಹೋಗ್ತಿದೆ. ಆದ್ರೆ ಒಂದು ಮಾತು ಹೇಳು. ನಿನ್ನ ಟ್ರೈಲರಿನ ಹಿಂಭಾಗ ತೊಳೆದು ಎಷ್ಟು ವರ್ಷ ಆಯ್ತು? ಬೆಳಿಗ್ಗೆಯಿಂದ ನಾನು ಅದನ್ನೇ ನೋಡ್ಕೊಂಡು ಬರ್ತಿದ್ದೀನಿ. ನಂಬರು ಕೂಡ ಕಾಣಲ್ಲ ಕಣೆ."

ವರ್ಲಾ ಹಿಂದೆ ಹೋಗಿ ನೋಡಿದಳು. ಮುಂದೆ, ಪಕ್ಕಗಳಲ್ಲಿ ಹಾಲಿನಂತೆ ಬಿಳುಪಾಗಿದ್ದ ಟ್ರೈಲರಿನ ಹಿಂಭಾಗದಲ್ಲಿ ಎಷ್ಟೋ ಪ್ರಯಾಣಗಳ ಧೂಳು ಪದರ ಪದರವಾಗಿ ಕೂತಿತ್ತು. ಪ್ರತಿ ವರ್ಷ ಹೊರಡುವ ಮುಂಚೆ ತೊಳೆಯುತ್ತಿದ್ದವನು ಎಲ್ಡನ್, ಹಿಂಭಾಗವನ್ನು ಮಾತ್ರ ಹಾಗೇ ಬಿಡುತ್ತಿದ್ದ.

"ನಮ್ಮ ಹಿಂದೆ ಬರೋರು ಯಾರೂ ಇರ್ಲಿಲ್ವಲ್ಲ," ಎಂದಳು.

ಡೆಲ್ಮರ್ ಆ ಧೂಳಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ಆಮೇಲೆ ತನ್ನ ಗಾಡಿಗೆ ಹೋಗಿ ಬಕೆಟ್ಟು ಮತ್ತು ಹಳೆಯ ಟವೆಲ್ಲು ತಂದ. ವರ್ಲಾ ಟ್ರೈಲರಿನ ಬಾಗಿಲು ತೆಗೆದು, ಕಬ್ಬಿಣದ ಗುಂಡನ್ನು ಅದಕ್ಕೆ ಒತ್ತಿಟ್ಟು, ಒಳಗೆ ಮೇಜಿನ ಮೇಲೆ ಬಟ್ಟೆ ಹಾಸತೊಡಗಿದಳು.